ಆನ್‌ಲೈನ್ ಡಿಗ್ರಿಗೆ ಸೇರ್ಸೋ ಮುಂಚೆ ಮಗ ಭಾನುವಾರ ಏನ್ ಮಾಡ್ತಾನೆ ನೋಡಿ

ಪಿಯು ರಿಸಲ್ಟ್ ಬಂದು ಇನ್ನೂ ವಾರ ಆಗಿರ್ಲಿಲ್ಲ, ಅಕ್ಕನ ಫೋನ್ ಬಂತು. "ನೋಡೇ, ಇವ್ನನ್ನ ಆನ್‌ಲೈನ್ ಬಿಕಾಂಗೆ ಸೇರ್ಸಿದ್ರೆ ಹೆಂಗೆ? ಮನೇಲೇ ಇರ್ತಾನೆ, ಬಸ್ಸು ಗಿಸ್ಸು ಅಂತ ಅಲೆದಾಟ ಇಲ್ಲ, ಮಧ್ಯಾಹ್ನದ ಹೊತ್ತು ನಿಮ್ ಭಾವಂಗೆ ಅಂಗಡೀಲಿ ಒಂದ್ ಕೈ ಆದಂಗೂ ಆಗತ್ತೆ. ನೀನು ಕಾಲೇಜಲ್ಲಿ ಪಾಠ ಮಾಡೋಳು, ಒಂದೇ ಮಾತಲ್ಲಿ ಹೇಳು, ಒಳ್ಳೇದಾ ಕೆಟ್ಟದ್ದಾ?"

ಒಂದೇ ಮಾತಲ್ಲಿ ಹೇಳೋಕೆ ಆಗ್ಲಿಲ್ಲ, ಅದಕ್ಕೇ ಇಷ್ಟುದ್ದ ಬರೀತಿದೀನಿ. ನಾನು ತಾಲ್ಲೂಕು ಕೇಂದ್ರದ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಲ್ಲಿ ಹನ್ನೊಂದು ವರ್ಷದಿಂದ ಅಕೌಂಟ್ಸ್ ಹೇಳ್ಕೊಡ್ತಿರೋ ಗೆಸ್ಟ್ ಲೆಕ್ಚರರ್ (ಹನ್ನೊಂದು ವರ್ಷ ಯಾವ ನೆಂಟ ಉಳ್ಕೋತಾನೆ ಅಂತ ಕೇಳ್ಬೇಡಿ, ಆ ಕಥೆ ಬೇರೆ ಇದೆ). ಪ್ರತಿ ವರ್ಷ ಅಡ್ಮಿಷನ್ ಟೈಮಲ್ಲಿ ಹತ್ತಾರು ಅಪ್ಪ ಅಮ್ಮಂದಿರು ಇದನ್ನೇ ಕೇಳ್ತಾರೆ, ಮತ್ತೆ ಪ್ರತಿಯೊಬ್ಬರ ತಲೇಲಿ ಇರೋ 'ಆನ್‌ಲೈನ್ ಕ್ಲಾಸ್' ಬೇರೆ ಬೇರೇದು. ಮೊದ್ಲು ಆ ಗಂಟು ಬಿಚ್ಬೇಕು.

ತುಂಬಾ ಜನಕ್ಕೆ ಆನ್‌ಲೈನ್ ಅಂದ್ರೆ ಕೊರೋನಾ ಕಾಲದ ಕ್ಲಾಸು ನೆನಪಾಗತ್ತೆ. 2020ರ ಮಾರ್ಚಲ್ಲಿ ಎಲ್ಲಾ ಮುಚ್ತು, ನಮ್ಮ ರಾಜ್ಯದಲ್ಲಿ ಡಿಗ್ರಿ ಕಾಲೇಜು ಬಾಗಿಲು ತೆಗೆದಿದ್ದು ಆ ವರ್ಷ ನವೆಂಬರ್ 17ಕ್ಕೆ, ಮತ್ತೆ 2021ರಲ್ಲಿ ಎರಡನೇ ಅಲೆ ಬಂದು ಮುಚ್ತು. ಆಗ ನಡೆದಿದ್ದು ಏನಂದ್ರೆ ಕ್ಲಾಸ್‌ರೂಮಿನ ಪಾಠಾನೇ ಎತ್ತಿ ಫೋನಿನ ಮುಂದೆ ಇಟ್ವಿ, ಅಷ್ಟೇ. ಬೋರ್ಡಿಲ್ಲ, ಟ್ರೇನಿಂಗಿಲ್ಲ, ಸ್ಟೂಲ್ ಮೇಲೆ ಡಬ್ಬ, ಡಬ್ಬದ ಮೇಲೆ ಫೋನು. ಸುಳ್ಯದ ಗುತ್ತಿಗಾರು ಕಡೆ ಎಸ್ಸೆಸ್ಸೆಲ್ಸಿ ಹುಡುಗಿಯೊಬ್ಳು ಮಳೇಲಿ ರಸ್ತೆ ಬದೀಲಿ ಕೂತು ಕ್ಲಾಸ್ ಕೇಳ್ತಿದ್ರೆ ಅಪ್ಪ ಕೊಡೆ ಹಿಡ್ಕೊಂಡು ನಿಂತಿದ್ದ ಫೋಟೋ 2021ರ ಜೂನಲ್ಲಿ ಎಲ್ಲರ ಮೊಬೈಲಲ್ಲೂ ಓಡಾಡ್ತಲ್ಲ, ಅದು. ಅದನ್ನ ನೋಡಿ "ಆನ್‌ಲೈನ್ ಅಂದ್ರೆ ಇಷ್ಟೇ" ಅಂತ ತೀರ್ಮಾನ ಮಾಡೋದು, ಮನೆಗೆ ಬೆಂಕಿ ಬಿದ್ದಾಗ ಬೀದೀಲಿ ಮಲಗಿದ ಒಂದು ರಾತ್ರಿ ಇಟ್ಕೊಂಡು ಬೀದಿ ಬದುಕಿನ ಬಗ್ಗೆ ಭಾಷಣ ಮಾಡಿದಂಗೆ. ಅದು ಆಪತ್ಕಾಲ. ಲೆಕ್ಕಕ್ಕೆ ತಗೋಬಾರ್ದು, ಪೂರ್ತಿ ಮರೀಲೂಬಾರ್ದು.

ಎರಡನೇದು ಸ್ವಯಂ, ಎನ್‌ಪಿಟಿಇಎಲ್ ತರದ್ದು, ಅಂದ್ರೆ ಇಂಟರ್ನೆಟ್ಟಲ್ಲಿ ಬಿಡಿ ಬಿಡಿ ಕೋರ್ಸಿನ ವಿಡಿಯೋ ಪಾಠ ಇಟ್ಟಿರೋ ತಾಣಗಳು. ಐಐಟಿಗಳು ಮತ್ತೆ ನಮ್ಮ ಐಐಎಸ್‌ಸಿ ಸೇರ್ಕೊಂಡು 2003ರಲ್ಲೇ ಎನ್‌ಪಿಟಿಇಎಲ್ ಶುರು ಮಾಡಿದ್ರು, 2017ರ ಜುಲೈ 9ಕ್ಕೆ ಕೇಂದ್ರ ಸರ್ಕಾರದ ಸ್ವಯಂ ಬಂತು. ಸೇರೋಕೆ ದುಡ್ಡಿಲ್ಲ, ಸರ್ಟಿಫಿಕೇಟ್ ಬೇಕಂದ್ರೆ ಪರೀಕ್ಷೆ ಫೀಸು ಮಾತ್ರ, ನಾಲ್ಕೋ ಎಂಟೋ ಹನ್ನೆರಡೋ ವಾರ. ರೆಗ್ಯುಲರ್ ಕಾಲೇಜಲ್ಲಿ ಓದ್ತಾನೇ ಇದನ್ನೂ ಮಾಡ್ಬೋದು, ಯುಜಿಸಿ (ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡೋ ಕೇಂದ್ರದ ಆಯೋಗ) 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ 40 ಪರ್ಸೆಂಟ್ ಕ್ರೆಡಿಟ್‌ವರೆಗೂ ಇಲ್ಲಿಂದ ತರೋಕೆ ಕಾಲೇಜು ಒಪ್ಕೋಬೋದು. ಇದು ಊಟದ ಜೊತೆ ಉಪ್ಪಿನಕಾಯಿ ಇದ್ದಂಗೆ, ಯಾರಿಗೂ ನಷ್ಟ ಇಲ್ಲ.

ಅಕ್ಕ ಕೇಳಿದ್ದು ಮೂರನೇದು. ಪೂರ್ತಿ ಡಿಗ್ರೀನೇ ಆನ್‌ಲೈನು, ಮೂರು ವರ್ಷ ಕಾಲೇಜಿನ ಮುಖ ನೋಡ್ದೆ ಬಿಕಾಂ, ಬಿಸಿಎ, ಬಿಬಿಎ. ಇದು ಅಂಚೆ ತೆರಪಿನ ಶಿಕ್ಷಣದ ಮೊಮ್ಮಗ ಅನ್ಬೋದು. ಮೈಸೂರು ವಿಶ್ವವಿದ್ಯಾಲಯ 1969ರಲ್ಲೇ ಅಂಚೆ ಮೂಲಕ ಓದ್ಸೋಕೆ ಶುರು ಮಾಡಿತ್ತು, ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಆಯ್ತು. ನಮ್ಮ ಮೇಷ್ಟ್ರುಗಳ ಪೈಕಿ ಎಷ್ಟೋ ಜನ ಡಿಸ್ಟೆನ್ಸಲ್ಲಿ ಎಂಎ ಮಾಡ್ಕೊಂಡವರು. ಈಗ ಪೋಸ್ಟ್‌ಮ್ಯಾನ್ ಜಾಗಕ್ಕೆ ಲಾಗಿನ್ ಐಡಿ ಬಂದಿದೆ.

ಕಾಗದದ ಬೆಲೆ ವಿಷ್ಯ ಮೊದ್ಲೇ ಮುಗಿಸ್ಬಿಡ್ತೀನಿ, ಯಾಕಂದ್ರೆ ಜನ ಇಲ್ಲೇ ಜಾಸ್ತಿ ಹೆದರ್ತಾರೆ, ಹೆದರಬೇಕಾದ ಕಡೆ ಹೆದರಲ್ಲ. ಮಾನ್ಯತೆ ಇರೋ ವಿಶ್ವವಿದ್ಯಾಲಯದ ಆನ್‌ಲೈನ್ ಡಿಗ್ರಿ ರೆಗ್ಯುಲರ್ ಡಿಗ್ರಿಗೆ ಸಮ ಅಂತ ಯುಜಿಸಿ 2022ರ ಸೆಪ್ಟೆಂಬರಲ್ಲೇ ಸ್ಪಷ್ಟ ಮಾಡಿದೆ. ಆದ್ರೆ ಎಲ್ಲಾ ಕೋರ್ಸನ್ನೂ ಆನ್‌ಲೈನಲ್ಲಿ ಕೊಡಂಗಿಲ್ಲ. ಎಂಜಿನಿಯರಿಂಗು, ಮೆಡಿಕಲ್ಲು, ಡೆಂಟಲ್ಲು, ನರ್ಸಿಂಗು, ಫಾರ್ಮಸಿ, ಲಾ, ಆರ್ಕಿಟೆಕ್ಚರು, ಅಗ್ರಿಕಲ್ಚರು ಇವೆಲ್ಲ ನಿಷಿದ್ಧ. 2025ರ ಜುಲೈ ಬ್ಯಾಚಿಂದ ಸೈಕಾಲಜಿ, ನ್ಯೂಟ್ರಿಷನ್ ತರದ ಆರೋಗ್ಯಕ್ಕೆ ಸಂಬಂಧಪಟ್ಟ ಕೋರ್ಸುಗಳನ್ನೂ ಆ ಪಟ್ಟಿಗೆ ಸೇರ್ಸಿದಾರೆ. ಯಾರಾದ್ರೂ "ಆನ್‌ಲೈನ್ ನರ್ಸಿಂಗ್ ಇದೆ ಮೇಡಂ" ಅಂದ್ರೆ ಚಪ್ಪಲಿ ಹಾಕ್ಕೊಂಡು ಆಚೆ ಬಂದ್ಬಿಡಿ. ಯುಜಿಸಿಯ ಡಿಸ್ಟೆನ್ಸ್ ಎಜುಕೇಷನ್ ಬ್ಯೂರೋ ವೆಬ್‌ಸೈಟಲ್ಲಿ ಯಾವ ವಿಶ್ವವಿದ್ಯಾಲಯಕ್ಕೆ, ಯಾವ ವರ್ಷಕ್ಕೆ, ಯಾವ ಕೋರ್ಸಿಗೆ ಅನುಮತಿ ಇದೆ ಅಂತ ಪಟ್ಟಿ ಇರತ್ತೆ, ಈಗ ಸೇರೋ ಪ್ರತಿಯೊಬ್ರೂ ಅಲ್ಲೇ ಡೆಬ್ ಐಡಿ (ಡೆಬ್ ಅಂದ್ರೆ ಆ ಬ್ಯೂರೋದ ಚಿಕ್ಕ ಹೆಸರು) ಮಾಡಿಸ್ಕೋಬೇಕು. 'ಆ ವರ್ಷಕ್ಕೆ' ಅನ್ನೋದು ಮುಖ್ಯ. ನಮ್ಮ ಮುಕ್ತ ವಿಶ್ವವಿದ್ಯಾಲಯಕ್ಕೇ 2012-13ರ ನಂತರ ಮಾನ್ಯತೆ ಹೋಗಿ ಮತ್ತೆ ಸಿಕ್ಕಿದ್ದು 2018ರಲ್ಲಿ, ಮಧ್ಯದಲ್ಲಿ ಸಿಕ್ಕಾಕ್ಕೊಂಡವರು ಮಾರ್ಕ್ಸ್ ಕಾರ್ಡ್ ಹಿಡ್ಕೊಂಡು ಎಷ್ಟು ಅಲೆದ್ರು ಅಂತ ಮೈಸೂರಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ. 'ಹತ್ತೇ ದಿನದಲ್ಲಿ ಎಂಬಿಎ' ಅನ್ನೋ ಜಾಹೀರಾತು ಹೆಚ್ಚಾಗಿ 2024ರಲ್ಲಿ ಯುಜಿಸಿನೇ ಎಚ್ಚರಿಕೆ ಕೊಡ್ಬೇಕಾಯ್ತು, ಅದನ್ನ ನಂಬಿ ದುಡ್ಡು ಕಟ್ಟೋರಿಗೆ ನಾನೇನು ಹೇಳೋದಿದೆ.

ಸರಿ, ಕಾಗದ ಓಕೆ ಅಂತಿಟ್ಕೊಳಿ. ಈಗ ನಿಜವಾದ ಪ್ರಶ್ನೆ, ಹುಡುಗ ಕಲೀತಾನಾ?

ಇದಕ್ಕೆ ನಂಗೆ ತುಂಬಾ ಇಷ್ಟದ ಉದಾಹರಣೆ ಒಂದಿದೆ, ಅಮೆರಿಕದ್ದು. ಕೇಳಿದ್ರೆ ನಮ್ಮೂರಿನದ್ದೇ ಅನ್ಸತ್ತೆ. 2011ರಲ್ಲಿ ಸ್ಟ್ಯಾನ್‌ಫರ್ಡಿನ ಪ್ರೊಫೆಸರ್ ಸೆಬಾಸ್ಟಿಯನ್ ಥ್ರನ್ ತಮ್ಮ ಕೃತಕ ಬುದ್ಧಿಮತ್ತೆ ಕೋರ್ಸನ್ನ ಫ್ರೀಯಾಗಿ ಇಂಟರ್ನೆಟ್ಟಿಗೆ ಹಾಕಿದ್ರು, ಸುಮಾರು 1,60,000 ಜನ ಸೇರ್ಕೊಂಡ್ರು, ಪ್ರಪಂಚಾನೇ ಬದಲಾಗೋಯ್ತು ಅಂತ ಪತ್ರಿಕೆಗಳು ಬರೆದ್ವು, ಅವ್ರು ಉಡಾಸಿಟಿ ಅಂತ ಕಂಪನಿ ಮಾಡಿದ್ರು. 2013ರ ಶುರುವಲ್ಲಿ ಆ ಕಂಪನಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಸ್ಟೇಟ್ ಯೂನಿವರ್ಸಿಟಿ ಜೊತೆ ಸೇರಿ ಮೂರು ಕೋರ್ಸ್ ಶುರು ಮಾಡ್ತು. ಮೂರೂ ಗಣಿತದ್ದೇ, ಅದ್ರಲ್ಲಿ ಒಂದಂತೂ ಗಣಿತದಲ್ಲಿ ಹಿಂದೆ ಬಿದ್ದವರಿಗೇ ಅಂತ ಮಾಡಿದ್ದು. ವಿಡಿಯೋ ಚೆನ್ನಾಗಿತ್ತು, ಫೀಸು ಬರೀ 150 ಡಾಲರು. ಸೇರಿದವರಲ್ಲಿ ಒಂದ್ಸಲ ಫೇಲಾದವರಿದ್ರು, ಬಡವರ ಬಡಾವಣೆಯ ಹೈಸ್ಕೂಲ್ ಮಕ್ಕಳಿದ್ರು, ಕೆಲವರ ಮನೇಲಿ ಕಂಪ್ಯೂಟರೇ ಇರ್ಲಿಲ್ಲ. ರಿಸಲ್ಟ್ ನೋಡಿದ್ರೆ ಸುಮಾರು ಅರ್ಧ ಜನ, ಕೆಲವು ಕಡೆ ಅದಕ್ಕಿಂತಲೂ ಜಾಸ್ತಿ ಫೇಲು. ಜುಲೈ ಹೊತ್ತಿಗೆ ಮುಂದಕ್ಕೆ ಯೋಜನೆ ನಿಲ್ಲಿಸೋದು ಅಂತ ತೀರ್ಮಾನ ಮಾಡಿದ್ರು. ಮಜಾ ಏನಂದ್ರೆ ಆಗ್ಲೇ ನಡೀತಿದ್ದ ಬೇಸಿಗೆ ಬ್ಯಾಚಲ್ಲಿ ರಿಸಲ್ಟ್ ದಿಢೀರ್ ಅಂತ ಏರ್ತು, ಎಲ್ಲರೂ ಚಪ್ಪಾಳೆ ತಟ್ಟಿದ್ರು, ಆಮೇಲೆ ಲಿಸ್ಟ್ ನೋಡಿದ್ರೆ ಆ ಬ್ಯಾಚಲ್ಲಿ ಅರ್ಧದಷ್ಟು ಜನ ಆಗ್ಲೇ ಡಿಗ್ರಿ ಮುಗಿಸಿದವರು!

ಕಥೆ ಇಲ್ಲಿಗೆ ಮುಗೀಲಿಲ್ಲ. ಆರು ತಿಂಗಳು ಕಳೆದು 2014ರ ಜನವರೀಲಿ ಅದೇ ಉಡಾಸಿಟಿ, ಅದೇ ತರದ ವಿಡಿಯೋ, ಜಾರ್ಜಿಯಾ ಟೆಕ್ ಜೊತೆ ಸೇರಿ ಕಂಪ್ಯೂಟರ್ ಸೈನ್ಸಲ್ಲಿ ಆನ್‌ಲೈನ್ ಮಾಸ್ಟರ್ಸ್ ಶುರು ಮಾಡ್ತು. ಪೂರ್ತಿ ಡಿಗ್ರಿಗೆ ಏಳು ಸಾವಿರ ಡಾಲರ್ ಆಸುಪಾಸು. ಇದು ಗೆದ್ದಿದ್ದು ಹೆಂಗಂದ್ರೆ ಇವತ್ತಿಗೂ ಸಾವಿರಾರು ಜನ ಓದ್ತಿದಾರೆ, ಬೆಂಗಳೂರಿನ ಐಟಿ ಕಂಪನಿಗಳಲ್ಲೂ ರಾತ್ರಿ ಕೂತು ಓದೋರು ಸಿಗ್ತಾರೆ. ಇದರ ಬಗ್ಗೆ ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರು ಒಂದು ವಿಷ್ಯ ಗಮನಿಸಿದಾರೆ, ಅಲ್ಲಿನ ಕ್ಯಾಂಪಸ್ಸಿನ ಕೋರ್ಸಿಗೆ ಅರ್ಜಿ ಹಾಕೋ ಸರಾಸರಿ ವ್ಯಕ್ತಿ ಇಪ್ಪತ್ನಾಲ್ಕರ ಹರೆಯದ ಭಾರತದ ಹುಡುಗ, ಆನ್‌ಲೈನ್ ಕೋರ್ಸಿಗೆ ಅರ್ಜಿ ಹಾಕೋರು ಮೂವತ್ನಾಲ್ಕು ವಯಸ್ಸಿನ, ಆಗ್ಲೇ ಕೆಲಸದಲ್ಲಿರೋ ಅಮೆರಿಕನ್ನರು.

ಕಂಪನಿ ಅದೇ, ತಂತ್ರಜ್ಞಾನ ಅದೇ. ಒಂದು ಕಡೆ ಮುಗ್ಗರಿಸ್ತು, ಇನ್ನೊಂದು ಕಡೆ ಓಡ್ತು. ಮಧ್ಯದಲ್ಲಿ ಬದಲಾಗಿದ್ದು ಕುರ್ಚೀಲಿ ಕೂತಿದ್ದ ಮನುಷ್ಯ.

ಹಂಗಾದ್ರೆ ಮೂವತ್ನಾಲ್ಕರವನ ಹತ್ರ ಇದ್ದು ಹದಿನೆಂಟರವನ ಹತ್ರ ಇಲ್ದೇ ಇರೋದು ಏನು? ಬುದ್ಧಿ ಅಂತ ನಂಗನ್ಸಲ್ಲ. ಕಾಲೇಜು ಅನ್ನೋದು ಪಾಠದ ಜೊತೆ ಹೇಳ್ದೇ ಕೇಳ್ದೇ ಇನ್ನೊಂದಷ್ಟು ಸಾಮಾನು ಕೊಡತ್ತೆ, ಅದಕ್ಕೆ ಪ್ರಾಸ್ಪೆಕ್ಟಸಲ್ಲಿ ಹೆಸರಿಲ್ಲ. ಒಂಬತ್ತೂವರೆಗೆ ಬೆಲ್ಲು. ಕೂರೋಕೆ ಒಂದು ಬೆಂಚು, ಅಲ್ಲಿ ಕೂತಾಗ ಯಾರೂ ಬಂದು "ಹಾಲು ತಗೊಂಡ್ಬಾ" ಅನ್ನಲ್ಲ. ಎರಡು ದಿನ ಬರ್ದೇ ಇದ್ರೆ "ಎಲ್ಲೋ ಹೋಗಿದ್ದೆ" ಅಂತ ಕೇಳೋ ಪಕ್ಕದವನು. ಹಾಜರಾತಿ ಕಮ್ಮಿ ಆದ್ರೆ ಪರೀಕ್ಷೆಗೆ ಕೂರ್ಸಲ್ಲ ಅನ್ನೋ ಭಯ. ಟೆಸ್ಟ್ ಹಿಂದಿನ ದಿನ ಕ್ಯಾಂಟೀನಲ್ಲಿ ಟೀ ಕುಡೀತಾ "ಆ ಡಿಪ್ರಿಸಿಯೇಷನ್ ಲೆಕ್ಕ ಒಂಚೂರು ಹೇಳ್ಕೊಡೋ" ಅನ್ನೋದು. ಇವೆಲ್ಲ ಹೊರಗಿಂದ ಹಾಕಿದ ಗೂಟಗಳು, ಬಳ್ಳಿ ಅದನ್ನ ಹಿಡ್ಕೊಂಡು ಮೇಲೆ ಬರತ್ತೆ. ಆನ್‌ಲೈನಲ್ಲಿ ಪಾಠ ಪೂರ್ತಿ ಬರತ್ತೆ, ಎಷ್ಟೋ ಸಲ ನಮ್ಮ ಕಾಲೇಜಿಗಿಂತ ಒಳ್ಳೇ ಪಾಠಾನೇ ಬರತ್ತೆ, ಗೂಟ ಮಾತ್ರ ಬರಲ್ಲ. ಆ ಗೂಟ ಆಗ್ಲೇ ಒಳಗೆ ಬೆಳೆಸ್ಕೊಂಡವರಿಗೆ ಆನ್‌ಲೈನ್ ಅಂದ್ರೆ ಹಬ್ಬ.

ನಮ್ಮ ಅತ್ತಿಗೇನೇ ನೋಡಿ. ಮೂವತ್ತೆಂಟು ವರ್ಷ, ಸಹಕಾರ ಸಂಘದಲ್ಲಿ ಕ್ಲರ್ಕು, ಇಬ್ರು ಮಕ್ಕಳು. ಬಿಕಾಂ ಮುಗಿಸಿ ಹದಿನಾರು ವರ್ಷ ಆದ್ಮೇಲೆ ಆನ್‌ಲೈನ್ ಎಂಕಾಂಗೆ ಸೇರಿದ್ರು. ಅವರ ಅಡುಗೆಮನೆ ಕ್ಯಾಲೆಂಡರಲ್ಲಿ ಹಾಲಿನ ಲೆಕ್ಕ ನೀಲಿ ಪೆನ್ನಲ್ಲಿ, ಅಸೈನ್‌ಮೆಂಟ್ ಡೇಟ್ ಕೆಂಪು ಪೆನ್ನಲ್ಲಿ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಹಿಟ್ಟಿನ ಡಬ್ಬದ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಆರು ಗಂಟೆವರೆಗೂ ಕೇಳ್ತಾರೆ, ಆಮೇಲೆ ಕುಕ್ಕರ್ ಇಡ್ತಾರೆ. "ಅತ್ತಿಗೆ, ಸಾಕಾಗಲ್ವಾ ನಿಮಗೆ?" ಅಂತ ಕೇಳಿದ್ದೆ. "ಸಾಕಾಗತ್ತೆ ಕಣಮ್ಮ, ಆದ್ರೆ ಆ ಒಂದೂವರೆ ಗಂಟೆ ಮನೇಲಿ ಯಾರೂ ನನ್ನ ಕರೆಯಲ್ಲ ನೋಡು" ಅಂದ್ರು. ಇವರಿಗೆ ರೆಗ್ಯುಲರ್ ಕಾಲೇಜು ಅನ್ನೋ ಆಯ್ಕೆನೇ ಇಲ್ಲ. ಇವರ ಮಟ್ಟಿಗೆ ಲೆಕ್ಕ ಹಾಕ್ಬೇಕಾದ್ದು ಆನ್‌ಲೈನಾ ಓದ್ದೇ ಇರೋದಾ ಅಂತ, ಅಲ್ಲಿ ಆನ್‌ಲೈನ್ ಕಣ್ಮುಚ್ಚಿ ಗೆಲ್ಲತ್ತೆ.

ಇಂಥವರು ಇನ್ನೂ ಇದಾರೆ. ಎರಡನೇ ಮಹಡೀಲಿ ಕ್ಲಾಸಿದ್ದು ಲಿಫ್ಟೇ ಇಲ್ದಿರೋ ಕಾಲೇಜಿಗೆ ವೀಲ್‌ಚೇರಲ್ಲಿ ಬರ್ಬೇಕಾದ ಹುಡುಗ, ಕಿವಿ ಸರಿಯಾಗಿ ಕೇಳ್ದೆ ಪರದೆ ಮೇಲೆ ಬರೋ ಅಕ್ಷರ ಓದ್ಕೊಂಡು ಪಾಠ ಹಿಡಿಯೋ ಹುಡುಗಿ. ಮತ್ತೆ ಹೆಚ್ಚು ಜನ ಯೋಚ್ನೆ ಮಾಡ್ದೇ ಇರೋದು ಕನ್ನಡ ಮೀಡಿಯಂ ಮಕ್ಕಳ ವಿಷ್ಯ. ಹಳ್ಳಿಯಿಂದ ಬಂದು ಮೊದಲ ಸೆಮಿಸ್ಟರಲ್ಲಿ ಇಂಗ್ಲಿಷ್ ಪಾಠ ಕೇಳ್ತಾ ಕಣ್ಣು ಕಣ್ಣು ಬಿಡೋ ಮಗು ಕ್ಲಾಸಲ್ಲಿ "ಸರ್ ಇನ್ನೊಂದ್ಸಲ ಹೇಳಿ" ಅಂತ ಕೈ ಎತ್ತೋದಿಲ್ಲ, ನಾಚಿಕೆ. ವಿಡಿಯೋ ಆದ್ರೆ ನಾಲ್ಕು ಸಲ ಹಿಂದೆ ಹಾಕಿ ಕೇಳತ್ತೆ, ಯಾರೂ ನಗಲ್ಲ. ಎನ್‌ಪಿಟಿಇಎಲ್‌ನ ಕೆಲವು ಕೋರ್ಸಿಗೆ ಕನ್ನಡದಲ್ಲೂ ಅನುವಾದ ಮಾಡಿಟ್ಟಿದಾರೆ, ಭಾಷೆ ಸ್ವಲ್ಪ ಗ್ರಾಂಥಿಕ, ಆದ್ರೂ ಇದೆಯಲ್ಲ. ಹಂಗಾಗಿ ನಾನೇ ನನ್ನ ಸ್ಟೂಡೆಂಟ್ಸಿಗೆ ವಿಡಿಯೋ ಲಿಂಕ್ ಕಳಿಸ್ತಿರ್ತೀನಿ, ನಾನೇನು ಆನ್‌ಲೈನಿನ ವೈರಿ ಅಲ್ಲ.

ಆದ್ರೆ ವಿಡಿಯೋಗೆ ಒಂದು ಕೆಲಸ ಬರಲ್ಲ, ಅದನ್ನ ನನ್ನ ಸಬ್ಜೆಕ್ಟಿನಿಂದಲೇ ತೋರಿಸ್ತೀನಿ. ಫೈನಲ್ ಅಕೌಂಟ್ಸ್ ಅಂತ ಒಂದು ಪಾಠ, ವರ್ಷದ ಕೊನೇಲಿ ವ್ಯಾಪಾರದ ಲಾಭ ನಷ್ಟ ಲೆಕ್ಕ ಹಾಕೋದು. ವ್ಯಾಪಾರಿ ಸರಕು ತರಿಸ್ಕೊಳೋಕೆ ಕೊಟ್ಟ ಬಾಡಿಗೆ 'ಕ್ಯಾರೇಜ್ ಇನ್ವರ್ಡ್ಸ್', ಅದು ಟ್ರೇಡಿಂಗ್ ಅಕೌಂಟಿಗೆ ಹೋಗ್ಬೇಕು. ಗಿರಾಕಿಗೆ ಸರಕು ಕಳಿಸೋಕೆ ಕೊಟ್ಟ ಬಾಡಿಗೆ 'ಕ್ಯಾರೇಜ್ ಔಟ್‌ವರ್ಡ್ಸ್', ಅದು ಪ್ರಾಫಿಟ್ ಅಂಡ್ ಲಾಸ್ ಅಕೌಂಟಿಗೆ. ಒಬ್ಳು ಹುಡುಗಿ ಔಟ್‌ವರ್ಡ್ಸಿನ 900 ರೂಪಾಯಿನ ಟ್ರೇಡಿಂಗಲ್ಲಿ ಬರೆದ್ಲು ಅಂತಿಟ್ಕೊಳಿ. ಟ್ರೇಡಿಂಗಲ್ಲಿ ಸಿಗೋ ಗ್ರಾಸ್ ಪ್ರಾಫಿಟ್ (ಉಳಿದ ಖರ್ಚು ಕಳೆಯೋ ಮುಂಚಿನ ಲಾಭ) 48,000 ಬರ್ಬೇಕಾದ್ದು 47,100 ಬರತ್ತೆ. ಆದ್ರೆ ಕೆಳಗೆ ಹೋಗಿ ಪ್ರಾಫಿಟ್ ಅಂಡ್ ಲಾಸಲ್ಲಿ ಆ 900 ಕಳೆಯೋದೇ ಇಲ್ವಲ್ಲ, ಹಂಗಾಗಿ ನೆಟ್ ಪ್ರಾಫಿಟ್ (ಎಲ್ಲಾ ಖರ್ಚು ಕಳೆದು ಉಳಿಯೋ ಲಾಭ) ಕರೆಕ್ಟಾಗಿ 31,000ಕ್ಕೇ ಬಂದು ನಿಲ್ಲತ್ತೆ! ಆನ್‌ಲೈನ್ ಕ್ವಿಜ್ ಕೇಳೋದು "ನೆಟ್ ಪ್ರಾಫಿಟ್ ಎಷ್ಟು?" ಅಂತ. ಅವಳು 31,000 ಒತ್ತುತಾಳೆ, ಹಸಿರು ಟಿಕ್ ಬರತ್ತೆ, ಮುಂದಿನ ಪಾಠ. ತಪ್ಪು ಹಸಿರು ಬಣ್ಣ ಬಳ್ಕೊಂಡು ಅವಳ ತಲೇಲಿ ಗಟ್ಟಿಯಾಗಿ ಕೂತ್ಕೊಂಡಿತು.

ಕ್ಲಾಸಲ್ಲಿ ನಾನು ಬೆಂಚುಗಳ ಮಧ್ಯೆ ಓಡಾಡ್ತಿರ್ತೀನಿ. ಯಾರ ಪೆನ್ನು ಎಲ್ಲಿ ನಿಲ್ತು ಅಂತ ಗೊತ್ತಾಗತ್ತೆ. ಆ 900ರ ಮೇಲೆ ಬೆರಳಿಟ್ಟು "ಈ ಲಾರಿ ಒಳಗೆ ಬರ್ತಿದ್ಯಾ ಆಚೆ ಹೋಗ್ತಿದ್ಯಾ?" ಅಂತೀನಿ, "ಅಯ್ಯೋ ಮಿಸ್" ಅಂತ ಹೊಡೆದು ಹಾಕ್ತಾಳೆ, ಮತ್ತೆ ಜನ್ಮದಲ್ಲಿ ಮರೆಯಲ್ಲ. ಮೂರು ಸೆಕೆಂಡಿನ ಕೆಲಸ. ಚೆನ್ನಾಗಿ ಓದೋ ಮಗುಗೆ ಇದು ಬೇಕಾಗಲ್ಲ, ಅದು ತಾನೇ ಹಿಂದೆ ಹೋಗಿ ಗ್ರಾಸ್ ಪ್ರಾಫಿಟ್ಟನ್ನೂ ಟ್ಯಾಲಿ ಮಾಡಿ ನೋಡತ್ತೆ. ತಾನು ತಪ್ಪು ಮಾಡಿದೀನಿ ಅಂತಾನೇ ಗೊತ್ತಾಗ್ದೇ ಇರೋ ಮಗುಗೆ ಆ ಬೆರಳು ಬೇಕು.

ಇದು ನನ್ನೊಬ್ಬಳ ಅನುಭವ ಅಂತ ತಳ್ಳಿಹಾಕ್ಬೇಡಿ. ಅಮೆರಿಕದ ಒಂದು ದೊಡ್ಡ ಖಾಸಗಿ ವಿಶ್ವವಿದ್ಯಾಲಯದಲ್ಲಿ ಒಂದೇ ಕೋರ್ಸು, ಅದೇ ಸಿಲಬಸ್ಸು, ಅದೇ ಪುಸ್ತಕ, ಅದೇ ಅಸೈನ್‌ಮೆಂಟು, ಕ್ಲಾಸ್‌ರೂಮಲ್ಲೂ ಆನ್‌ಲೈನಲ್ಲೂ ನಡೀತಿತ್ತು. ಎರಡನ್ನೂ ಹೋಲ್ಸಿದ ಅಧ್ಯಯನ 2017ರಲ್ಲಿ ಅಮೆರಿಕನ್ ಎಕನಾಮಿಕ್ ರಿವ್ಯೂನಲ್ಲಿ ಬಂತು. ಆನ್‌ಲೈನಲ್ಲಿ ತಗೊಂಡವರ ಗ್ರೇಡು ನಾಲ್ಕು ಪಾಯಿಂಟಿನ ಅಳತೇಲಿ 0.44ರಷ್ಟು ಇಳೀತು, ಅದ್ರಲ್ಲೂ ಮೊದ್ಲೇ ಮಾರ್ಕ್ಸ್ ಕಮ್ಮಿ ಇದ್ದವರಿಗೆ ಪೆಟ್ಟು ಜೋರು, ಟಾಪಲ್ಲಿದ್ದವರಿಗೆ ಹೆಚ್ಚುಕಮ್ಮಿ ಏನೂ ಆಗಿಲ್ಲ. ವೆಸ್ಟ್ ಪಾಯಿಂಟ್ ಮಿಲಿಟರಿ ಅಕಾಡೆಮೀಲಿ 2020ರಲ್ಲಿ ಚೀಟಿ ಎತ್ತಿದ ಹಾಗೆ ಅರ್ಧ ಜನನ್ನ ಆನ್‌ಲೈನಿಗೆ, ಅರ್ಧ ಜನನ್ನ ಕ್ಲಾಸಿಗೆ ಹಾಕಿ ನೋಡಿದ್ರು, ಅಲ್ಲೂ ಆನ್‌ಲೈನವರು ಹಿಂದೆ ಬಿದ್ರು, ದುರ್ಬಲರು ಇನ್ನೂ ಹಿಂದೆ. ಸೈನ್ಯದ ಶಿಸ್ತಲ್ಲಿ, ಒಂದೇ ಹಾಸ್ಟೆಲಲ್ಲಿ, ಒಳ್ಳೇ ನೆಟ್‌ವರ್ಕಲ್ಲಿ ಇದ್ದವರ ಕಥೆ ಇದು ಅಂದ್ರೆ ನಮ್ಮ ಹುಡುಗ್ರದ್ದು ಏನು ಹೇಳಿ. ಇನ್ನು ಎಡ್‌ಎಕ್ಸ್ ಅನ್ನೋ ಆನ್‌ಲೈನ್ ತಾಣದಲ್ಲಿ ಎಂಐಟಿ, ಹಾರ್ವರ್ಡ್‌ನವರು ಕೊಟ್ಟ ಕೋರ್ಸುಗಳ ಲೆಕ್ಕ ತೆಗೆದ್ರೆ 2017-18ರಲ್ಲಿ ಸೇರಿದ ನೂರು ಜನರಲ್ಲಿ ಮುಗಿಸಿದವರು ಮೂರು ಜನ. ಫ್ರೀ ಇತ್ತು, ಸುಮ್ನೆ ಇಣುಕಿ ನೋಡೋಕೆ ಬಂದವರೂ ಅದ್ರಲ್ಲಿ ಇದ್ರು, ಸರಿ. ಆದ್ರೂ ಮೂರು!

ಅಂದ್ರೆ ವಿಚಿತ್ರ ನೋಡಿ. ಆನ್‌ಲೈನ್ ಯಾರಿಗೆ ಅಂತ ಜಾಹೀರಾತು ಮಾಡ್ತಾರೆ? ಕಾಲೇಜು ಕೈಗೆಟುಕದವರಿಗೆ, ಮಾರ್ಕ್ಸ್ ಕಮ್ಮಿ ಬಂದು ಸೀಟ್ ಸಿಗದವರಿಗೆ, ಹಳ್ಳಿ ಮಕ್ಕಳಿಗೆ. ಚೆನ್ನಾಗಿ ಒಗ್ಗೋದು ಯಾರಿಗೆ? ಎಲ್ಲಿ ಬಿಟ್ರೂ ಓದ್ಕೊಳೋರಿಗೆ.

ಈಗ ನೆಟ್‌ವರ್ಕ್ ವಿಷ್ಯ, ಇದನ್ನ ಜನ ಎಲ್ಲಕ್ಕಿಂತ ದೊಡ್ಡದು ಅನ್ಕೋತಾರೆ, ನಾನು ಸ್ವಲ್ಪ ಕೆಳಗಿಡ್ತೀನಿ. 2017-18ರ ರಾಷ್ಟ್ರೀಯ ಸ್ಯಾಂಪಲ್ ಸರ್ವೇಲಿ ದೇಶದ ಹಳ್ಳಿ ಮನೆಗಳಲ್ಲಿ ನೂರಕ್ಕೆ ಸುಮಾರು ಹದಿನೈದಕ್ಕೆ ಮಾತ್ರ ಇಂಟರ್ನೆಟ್ ಸೌಲಭ್ಯ ಇತ್ತು, ಕಂಪ್ಯೂಟರ್ ಇದ್ದಿದ್ದು ನಾಲ್ಕು ಚಿಲ್ಲರೆ. ಇಂಟರ್ನೆಟ್ ಆಮೇಲೆ ಬಹಳ ಸುಧಾರಿಸಿದೆ, ಫೋನ್ ಇಲ್ದಿರೋ ಹುಡುಗ ಸಿಗೋದೇ ಕಷ್ಟ. 2021ರ ಜೂನಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಕಾಲೇಜಿನ ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಟ್ಯಾಬ್ ಕೂಡ ಕೊಡ್ತು. ಆದ್ರೆ ಫೋನೇ ಬೇರೆ, ಕಂಪ್ಯೂಟರೇ ಬೇರೆ. ಆರಿಂಚು ಪರದೇಲಿ ಬ್ಯಾಲೆನ್ಸ್ ಶೀಟ್ ನೋಡೋದು ಅಂದ್ರೆ ಎಡಗಡೆ ನೋಡಿದಾಗ ಬಲಗಡೆ ಕಾಣಲ್ಲ, ಝೂಮ್ ಮಾಡು, ಸರಿಸು, ಅಷ್ಟರಲ್ಲಿ ಮೇಲಿಂದ ಕ್ರಿಕೆಟ್ ಸ್ಕೋರ್ ಇಳಿಯತ್ತೆ. ಪಾಠ ಬರೋ ಡಬ್ಬಿನೂ ಆಟ ಬರೋ ಡಬ್ಬಿನೂ ಒಂದೇ ಆದ್ರೆ ಹದಿನೆಂಟು ವರ್ಷದವನು ಯಾವ್ದನ್ನ ಒತ್ತುತಾನೆ, ನೀವಾದ್ರೂ ಏನ್ ಮಾಡ್ತಿದ್ರಿ? ಆಮೇಲೆ ರೆಕಾರ್ಡೆಡ್ ಕ್ಲಾಸಿನ ಶಾಪ ಒಂದಿದೆ, "ನಾಳೆ ನೋಡಿದ್ರಾಯ್ತು." ಒಂದು ವಾರಕ್ಕೆ ಹತ್ತು ಗಂಟೆ ಬಾಕಿ, ಒಂದು ತಿಂಗಳಿಗೆ ನಲವತ್ತು, ಆಮೇಲೆ ಪರೀಕ್ಷೆ ಹಿಂದಿನ ವಾರ ಡಬಲ್ ಸ್ಪೀಡಲ್ಲಿ ಓಡಿಸ್ಕೊಂಡು ನೋಡೋದು, ಕೇಳಿಸ್ಕೊಂಡಾಗ ಎಲ್ಲಾ ಅರ್ಥ ಆದಂಗೇ ಇರತ್ತೆ, ಪುಸ್ತಕ ಮುಚ್ಚಿ ಒಂದು ಲೆಕ್ಕ ಮಾಡು ಅಂದ್ರೆ ಪೆನ್ನು ಏಳಲ್ಲ. ಅಡುಗೆ ವಿಡಿಯೋ ನೋಡಿದ ಮಾತ್ರಕ್ಕೆ ಹೋಳಿಗೆ ತಟ್ಟೋಕೆ ಬರತ್ತಾ.

ಹೆಣ್ಮಕ್ಕಳ ವಿಷ್ಯ ಬೇರೆಯಾಗೇ ಹೇಳ್ಬೇಕು. "ಹುಡುಗಿ ಮನೇಲೇ ಇದ್ದು ಓದ್ಲಿ, ಸೇಫು" ಅಂತಾರೆ. ಲಾಕ್‌ಡೌನಲ್ಲಿ ನಾನು ಫೋನಲ್ಲಿ ಪಾಠ ಮಾಡ್ವಾಗ ಹುಡುಗ್ರು ಮೈಕ್ ಆನ್ ಮಾಡಿದ್ರೆ ಹಿಂದೆ ಬೈಕ್ ಸದ್ದು, ಹುಡುಗೀರು ಮೈಕ್ ಆನ್ ಮಾಡಿದ್ರೆ ಹಿಂದೆ ಕುಕ್ಕರ್ ಸೀಟಿ, ಪಾತ್ರೆ ಸದ್ದು. "ಮಿಸ್ ಒಂದ್ ನಿಮಿಷ, ಅಮ್ಮ ಕರೀತಿದಾರೆ." ಆ ಒಂದ್ ನಿಮಿಷ ಮುಗಿದು ವಾಪಸ್ ಬಂದವರನ್ನ ನಾನು ನೋಡಿಲ್ಲ. ಮನೇಲಿರೋ ಮಗಳು ಓದ್ತಿದಾಳೆ ಅಂತ ಮನೆಯವರಿಗೆ ಕಾಣೋದೇ ಇಲ್ಲ, ಫೋನ್ ನೋಡ್ತಾ ಕೂತಿದಾಳೆ ಅಂತ ಕಾಣತ್ತೆ. ಕಾಲೇಜಿಗೆ ಹೋದ್ರೆ ಅವಳಿಗೆ ದಿನಕ್ಕೆ ಆರು ಗಂಟೆ ರಜ ಸಿಕ್ಕಿದಂಗೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಲ್ಲಿ ಅವರಿಗೆ ಟಿಕೆಟ್ ಖರ್ಚೂ ಇಲ್ಲ, ಹಂಗಾಗಿ "ಬಸ್ ಚಾರ್ಜ್ ಉಳಿಯತ್ತೆ" ಅನ್ನೋ ಮಾತು ನಮ್ಮ ರಾಜ್ಯದ ಹುಡುಗಿಯರ ಮಟ್ಟಿಗೆ ಬಿದ್ದೋಯ್ತು. ಬಸ್ಸೇ ಬರ್ದಿರೋ ಊರು, ಮದುವೆ ಮಾಡಿ ಕಳಿಸಿದ ಮನೇಲಿ ಕಾಲೇಜಿಗೆ ಬೇಡ ಅಂತ ಹಠ ಹಿಡಿದ್ರೆ ಅಲ್ಲಿ ಆನ್‌ಲೈನೇ ಗತಿ, ಒಪ್ತೀನಿ. ಅಲ್ಲೂ ಸಹ ಮನೆಯವರ ಹತ್ರ ದಿನಕ್ಕೆ ಎರಡು ಗಂಟೆ ಬಾಗಿಲು ಹಾಕ್ಕೊಳೋ ಒಪ್ಪಂದ ಮಾಡ್ಕೊಂಡೇ ಸೇರ್ಬೇಕು.

ಆನ್‌ಲೈನನ್ನ ಚೆನ್ನಾಗಿ ಮಾಡೋಕೆ ಸಾಧ್ಯನೇ ಇಲ್ವಾ ಅಂದ್ರೆ ಇದೆ. ಐಐಟಿ ಮದ್ರಾಸ್ 2020ರಲ್ಲಿ ಶುರು ಮಾಡಿದ ಡೇಟಾ ಸೈನ್ಸ್ ಡಿಗ್ರಿ ನೋಡಿ. ಪಾಠ ಎಲ್ಲಾ ರೆಕಾರ್ಡೆಡ್ಡು. ಆದ್ರೆ ಸೇರೋಕೆ ಮುಂಚೆ ನಾಲ್ಕು ವಾರದ ಪಾಠ ಕೊಡ್ತಾರೆ, ವಾರವಾರ ಅಸೈನ್‌ಮೆಂಟು, ಡೇಟ್ ದಾಟಿದ್ರೆ ಮುಗೀತು, ಆಮೇಲೆ ಕ್ವಾಲಿಫೈಯರ್ ಪರೀಕ್ಷೆ, ಹೆಚ್ಚಿನವರಿಗೆ ಅದ್ರಲ್ಲಿ ಪಾಸಾದ್ರೆ ಮಾತ್ರ ಅಡ್ಮಿಷನ್. ಸೇರಿದ್ಮೇಲೂ ಕ್ವಿಜ್ಜು, ಕೊನೇ ಪರೀಕ್ಷೆ ಎಲ್ಲಾ ಸೆಂಟರಿಗೆ ಹೋಗಿ ಬರೀಬೇಕು. ಮಧ್ಯದಲ್ಲಿ ಬಿಟ್ರೂ ಅಲ್ಲಿಗೆ ತಕ್ಕ ಸರ್ಟಿಫಿಕೇಟೋ ಡಿಪ್ಲೊಮಾನೋ ಸಿಗತ್ತೆ, ಕೈ ಖಾಲಿ ಬರಲ್ಲ. ಎನ್‌ಪಿಟಿಇಎಲಲ್ಲೂ ಹಂಗೇ, ಅಸೈನ್‌ಮೆಂಟಿಗೆ 25, ಸೆಂಟರಲ್ಲಿ ಬರೆಯೋ ಪರೀಕ್ಷೆಗೆ 75, ಎರಡ್ರಲ್ಲೂ ಬೇರೆ ಬೇರೆಯಾಗಿ ಪಾಸಾಗ್ಬೇಕು. ಇವರು ಮಾಡಿದ್ದು ಬುದ್ಧಿವಂತ ಕೆಲಸ, ಕಾಲೇಜಿನ ಗೂಟದಲ್ಲಿ ಒಂದೆರಡನ್ನ ತಂದು ಆನ್‌ಲೈನಲ್ಲೂ ನೆಟ್ರು. ಆ ನಾಲ್ಕು ವಾರ ಗಣಿತ ಎಷ್ಟು ಬರತ್ತೆ ಅಂತ ನೋಡತ್ತೆ, ಸರಿ, ಅದರ ಜೊತೆಗೆ ಯಾರೂ ಹೇಳ್ದೇ ಇದ್ರೂ ಈ ಮನುಷ್ಯ ಕೂರ್ತಾನಾ ಅಂತಾನೂ ನೋಡತ್ತೆ. ಇದಕ್ಕೆ ವಿರುದ್ಧವಾಗಿ "ಅಟೆಂಡೆನ್ಸ್ ಬೇಡ, ಪರೀಕ್ಷೆ ಮನೇಲೇ ಬರೀರಿ, ಪಾಸ್ ಗ್ಯಾರಂಟಿ" ಅನ್ನೋ ಏಜೆಂಟು ಸಿಕ್ಕಿದ್ರೆ, ಅವ್ನು ಮಾರ್ತಿರೋದು ಓದಂತೂ ಅಲ್ಲ.

ಇದನ್ನೆಲ್ಲ ಫೋನಲ್ಲೇ ಅಕ್ಕಂಗೆ ಒದರಿದೆ, ಅರ್ಧ ಕೇಳಿಸ್ಕೊಂಡ್ಲು. "ಈಗ ಸೇರ್ಸ್ಲಾ ಬೇಡ್ವಾ ಅಷ್ಟ್ ಹೇಳು" ಅಂದ್ಲು. ನಾನು ಹೇಳಿದೆ, "ದುಡ್ಡು ಕಟ್ಬೇಡ, ಡಿಗ್ರಿ ಅಡ್ಮಿಷನ್ನಿಗೆ ಇನ್ನೂ ಟೈಮಿದೆ. ಐಐಟಿಯವರ ಮಂತ್ರಾನೇ ಮನೇಲಿ ಮಾಡಣ. ಎನ್‌ಪಿಟಿಇಎಲಲ್ಲಿ ಮುಗಿದ ಕೋರ್ಸಿನ ವಿಡಿಯೋ ಎಲ್ಲಾ ಹಂಗೇ ಇರತ್ತೆ, ಅಕೌಂಟಿಂಗಿಂದು ಒಂದು ತೆಗೆದು ಕೊಡ್ತೀನಿ. ನಾಲ್ಕು ವಾರ. ವಾರಕ್ಕೆ ಐದು ವಿಡಿಯೋ ನೋಡ್ಬೇಕು, ಲೆಕ್ಕ ನೋಟ್‌ಬುಕ್ಕಲ್ಲಿ ಮಾಡಿ ಭಾನುವಾರ ರಾತ್ರಿ ಒಂಬತ್ತರ ಒಳಗೆ ನಂಗೆ ಫೋಟೋ ಕಳಿಸ್ಬೇಕು. ಒಂದ್ ಷರತ್ತು, ನೀನಾಗ್ಲಿ ಭಾವ ಆಗ್ಲಿ 'ಓದಿದ್ಯೇನೋ' ಅಂತ ಒಂದೇ ಒಂದ್ ಸಲಾನೂ ಕೇಳಂಗಿಲ್ಲ, ಮತ್ತೆ ಅಂಗಡಿಗೆ ಮಾಮೂಲಿ ತರ ಕರೀತಿರಿ." ಕೊನೇದಕ್ಕೆ ಅಕ್ಕ ಒಪ್ಪೋಕೆ ಒದ್ದಾಡಿದ್ಲು, ಕೇಳ್ದೇ ಇರೋದು ಅವ್ಳಿಗೆ ಊಟ ಬಿಟ್ಟಷ್ಟು ಕಷ್ಟ. ಆದ್ರೆ ಮೂರು ವರ್ಷ ಅವಳು ದಿನಾ ಕೇಳ್ತಾನೇ ಇರ್ಬೇಕು ಅಂದ್ರೆ ಆಗ ಡಿಗ್ರಿ ಮಾಡ್ತಿರೋದು ಮಗ ಅಲ್ಲ, ಅವ್ಳು.

ಮೊದಲನೇ ಭಾನುವಾರ ಸಂಜೆ ಆರಕ್ಕೇ ಫೋಟೋ ಬಂತು, ಅಂಡರ್‌ಲೈನ್ ಎಲ್ಲಾ ಸ್ಕೇಲ್ ಇಟ್ಟು ಹಾಕಿದ್ದ. ಎರಡನೇ ಭಾನುವಾರ ಎಂಟೂ ಐವತ್ತೆಂಟಕ್ಕೆ ಬಂತು, ಐದರಲ್ಲಿ ಮೂರು ಲೆಕ್ಕ, ಕೊನೇದು ಅರ್ಧಕ್ಕೆ. ಮೂರನೇ ಭಾನುವಾರ ಫೋನ್ ಪಕ್ಕದಲ್ಲೇ ಇಟ್ಕೊಂಡು ಕೂತೆ, ಒಂಬತ್ತಾಯ್ತು, ಹತ್ತಾಯ್ತು. ಸೋಮವಾರ ಮಧ್ಯಾಹ್ನ ಮೆಸೇಜ್ ಬಂತು: "ಚಿಕ್ಕಮ್ಮ ಸಾರಿ, ನಿನ್ನೆ ಅಂಗಡೀಲಿ ರಷ್ ಇತ್ತು, ಆಮೇಲೆ ಮ್ಯಾಚ್ ಇತ್ತು. ವಿಡಿಯೋ ಎಲ್ಲಾ ಸೇವ್ ಮಾಡ್ಕೊಂಡಿದೀನಿ, ಈ ವಾರ ಎರಡೂ ಸೇರ್ಸಿ ಕಳಿಸ್ಲಾ?"

ಸ್ಕ್ರೀನ್‌ಶಾಟ್ ತೆಗೆದು ಅಕ್ಕಂಗೆ ಕಳಿಸ್ದೆ, ಬೇರೆ ಏನೂ ಬರೀಲಿಲ್ಲ. ಸಂಜೆ ಅವಳ ಫೋನ್ ಬಂತು. "ನಿಮ್ ಕಾಲೇಜಿಗೆ ಎಷ್ಟ್ ಗಂಟೆ ಬಸ್ಸೇ? ಪಾಸಿಗೆ ಸೇವಾಸಿಂಧುಲಿ ಆನ್‌ಲೈನ್ ಅರ್ಜಿ ಹಾಕ್ಬೇಕಂತಲ್ಲ, ಅದನ್ನಾದ್ರೂ ನೀನೇ ಹಾಕ್ಕೊಡು, ಇವ್ನಿಗೆ ಹೇಳಿದ್ರೆ ನಾಳೆ ಅಂತಾನೆ."